ಎಲ್ಲಾ ಒಂದೇ ಗಾಡಿಗೆ ತಾನೇ ಹೋಗೋದು?

ಇವತ್ತು ಬೆಳಿಗ್ಗೆ ಮತ್ತೆ ಅದೇ ಆಯಿತು. ಮೆಟ್ಟಿಲ ಕೆಳಗೆ ಇಟ್ಟಿರುವ ಒಣ ಕಸದ ಡಬ್ಬದ ಮುಚ್ಚಳ ತೆಗೆದರೆ, ಮೇಲೆಯೇ ಒಂದು ಕಪ್ಪು ಕವರ್. ಬಾಯಿಗೆ ಎರಡೆರಡು ಗಂಟು. ಗಂಟು ಹಾಕುವುದರಲ್ಲಿ ಮಾತ್ರ ಎಷ್ಟು ಶ್ರದ್ಧೆ ನೋಡಿ! ಕವರಿನ ಮೂಲೆಯಿಂದ ಕಂದು ಬಣ್ಣದ ನೀರು ತೊಟ್ಟಿಕ್ಕಿ, ನಾನು ನಿನ್ನೆ ರಾತ್ರಿ ಬಿಡಿಸಿ, ಮಡಚಿ, ದಾರ ಕಟ್ಟಿ ಇಟ್ಟಿದ್ದ ರಟ್ಟಿನ ಮೇಲೆಲ್ಲಾ ಹರಿದಿದೆ. ರಟ್ಟು ನೆನೆದು ಮೆತ್ತಗಾಗಿದೆ. ಬೆರಳಿಟ್ಟರೆ ಒಳಗೆ ಹೋಗುತ್ತದೆ.

ಬರೀ ನೀರಾಗಿದ್ದರೆ ಒಣಗಿಸಬಹುದಿತ್ತು. ಇದು ಎಣ್ಣೆ ನೀರು. ಕಾಗದವನ್ನು ಮರುಬಳಕೆ ಮಾಡುವಾಗ ನೀರಿನಲ್ಲಿ ನೆನೆಸಿ ತಿರುಳು ಮಾಡುತ್ತಾರೆ. ನಾರು ನೀರಿನಲ್ಲಿ ಬಿಡಿಬಿಡಿಯಾಗುತ್ತದೆ, ಆದರೆ ಎಣ್ಣೆ ಆ ನಾರನ್ನು ಬಿಡುವುದೇ ಇಲ್ಲ. ಹೊಸ ಹಾಳೆಯ ಮೇಲೆ ಕಲೆಯಾಗಿ ಉಳಿಯುತ್ತದೆ. ಅಂದರೆ ನನ್ನ ಒಂದು ವಾರದ ರಟ್ಟು ಒಂದೇ ರಾತ್ರಿಯಲ್ಲಿ ಕಸವಾಯಿತು. ನಿನ್ನೆಯೂ ಅದು ಕಸವೇ ಆಗಿತ್ತು ಅನ್ನಬೇಡಿ. ನಿನ್ನೆ ಅದು ಮಾಲು. ಇವತ್ತು ಕಸ.

ಗ್ಲೌಸ್ ಹಾಕಿಕೊಂಡು ಕವರ್ ಬಿಚ್ಚಿದೆ. ಹೌದು, ಬಿಚ್ಚಿದೆ. ಯಾರದೋ ಮನೆ ಕಸ ನೋಡುವ ಚಟ ನನಗಿಲ್ಲ, ಆದರೆ ಬಿಚ್ಚದೆ ಬಿಟ್ಟರೆ ಇಡೀ ಡಬ್ಬವೇ ಹೋಗುತ್ತದೆ. ಒಳಗೆ ಉಳಿದ ಊಟ. ಅದರ ನಡುವೆ ಮಗುವಿನ ಡೈಪರ್ ಎರಡು, ಸುತ್ತಿಯೂ ಇಲ್ಲ. ಒಡೆದ ಗಾಜಿನ ಲೋಟ, ಅದೂ ಹಾಗೇ, ಚೂರುಗಳೆಲ್ಲಾ ಮೇಲ್ಮುಖವಾಗಿ. ನಾಲ್ಕು ಪೆನ್ಸಿಲ್ ಸೆಲ್. ತಳದಲ್ಲಿ ಒಂದು ಹಳೆಯ ಮೊಬೈಲ್ ಬ್ಯಾಟರಿ, ಹೊಟ್ಟೆ ಊದಿಕೊಂಡು ದಿಂಬಿನ ಹಾಗಾಗಿದೆ. ಅದನ್ನು ನೋಡಿ ನಿಜಕ್ಕೂ ಕೈ ನಡುಗಿತು. ಲಿಥಿಯಂ ಬ್ಯಾಟರಿ ಗಾಡಿಯೊಳಗೆ ಒತ್ತಿಹೋದರೆ ಬೆಂಕಿ ಹತ್ತಿಕೊಳ್ಳುತ್ತದೆ. ಸುತ್ತಲೂ ಒಣ ಕಾಗದ, ಪ್ಲಾಸ್ಟಿಕ್. ಇನ್ನೇನು ಬೇಕು? ಕಸದ ಗಾಡಿಗಳಿಗೂ ಕಸ ಬೇರ್ಪಡಿಸುವ ಶೆಡ್‌ಗಳಿಗೂ ಹೀಗೇ ಬೆಂಕಿ ಬೀಳುತ್ತಲೇ ಇರುತ್ತದೆ.

ಕವರ್ ಯಾರದ್ದೆಂದು ಪತ್ತೆ ಹಚ್ಚಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. ಮೂರನೇ ಮಹಡಿಯ ಯಜಮಾನರ ಹೆಸರಿನ ಪಾರ್ಸೆಲ್ ಚೀಟಿ ಒಳಗೇ ಅಂಟಿಕೊಂಡಿತ್ತು. ಹೋಗಿ ಬೆಲ್ ಮಾಡಿದೆ. ಜಗಳಕ್ಕಲ್ಲ. ಬ್ಯಾಟರಿ ವಾಪಸ್ ಕೊಟ್ಟು, ಇದನ್ನು ಬೇರೆ ಕೊಡಬೇಕು ಸಾರ್ ಎಂದು ಹೇಳೋಣ ಅಂತ. ಅವರು ಬಾಗಿಲಲ್ಲೇ ನಿಂತು ಒಂದು ನಗು ನಕ್ಕರು. "ನೀವ್ಯಾಕಮ್ಮಾ ಇಷ್ಟೆಲ್ಲಾ ತಲೆ ಕೆಡಿಸ್ಕೋತೀರಾ? ಎಲ್ಲಾ ಒಂದೇ ಗಾಡಿಗೆ ತಾನೇ ಹೋಗೋದು?"

ಆ ಮಾತು ಕೇಳಿದಾಗಿನಿಂದ ಹೊಟ್ಟೆ ಉರಿಯುತ್ತಿದೆ. ಬೈಗುಳವಾಗಿದ್ದರೆ ಮರೆತುಬಿಡುತ್ತಿದ್ದೆ. ಇದು ಬೈಗುಳ ಅಲ್ಲ, ಬುದ್ಧಿವಾದ. ತಾವು ಲೋಕ ಕಂಡವರು, ನಾನು ಪಾಪ ಏನೂ ಗೊತ್ತಿಲ್ಲದವಳು ಅನ್ನುವ ಹಾಗೆ.

ಒಂದೇ ಗಾಡಿ ಅನ್ನುತ್ತೀರಲ್ಲ ಸಾರ್, ಆ ಗಾಡಿಯ ಹಿಂದೆ ನಿಂತು ನಿಮ್ಮ ಗಂಟು ಬಿಚ್ಚುವುದು ಯಾರು? ಬೆಳಿಗ್ಗೆ ಬರುವ ಅಕ್ಕನನ್ನು ಒಂದು ದಿನವಾದರೂ ನೋಡಿದ್ದೀರಾ? ಅವರು ಕವರನ್ನು ಬೆರಳಿನಿಂದಲೇ ಹರಿಯುತ್ತಾರೆ. ಹೋದ ತಿಂಗಳು ಅವರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಏನಾಯ್ತಕ್ಕಾ ಅಂದರೆ, "ಬ್ಲೇಡ್ ಅಮ್ಮಾ, ಟಿಶ್ಯೂ ಒಳಗಿತ್ತು, ಕಾಣಲಿಲ್ಲ" ಅಂದರು. ಬೇಜಾರೂ ಇಲ್ಲ, ಕೋಪವೂ ಇಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದರು. ಗಾಜನ್ನೋ ಬ್ಲೇಡನ್ನೋ ಎರಡು ಪದರ ಕಾಗದದಲ್ಲಿ ಸುತ್ತಿ, ಹಳೇ ಡಬ್ಬಿಯಲ್ಲಿ ಹಾಕಿ, ಮೇಲೆ ಪೆನ್ನಿನಲ್ಲಿ "ಗಾಜು" ಎಂದು ಬರೆಯಲು ಎಷ್ಟು ಹೊತ್ತು ಬೇಕು? ನಾನು ಗಡಿಯಾರ ನೋಡಿ ಮಾಡಿದ್ದೇನೆ. ಒಂದು ನಿಮಿಷವೂ ಬೇಡ.

ಆದರೂ ಆ ಮಾತು ಕುಟುಕುವುದಕ್ಕೆ ಇನ್ನೊಂದು ಕಾರಣ ಇದೆ. ಅದು ಪೂರ್ತಿ ಸುಳ್ಳಲ್ಲ.

2017ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಪ್ಲಾಸ್ಟಿಕ್ ತಯಾರಿ ಶುರುವಾದಾಗಿನಿಂದ 2015ರವರೆಗೆ ಜಗತ್ತು ಮಾಡಿದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಅದರಲ್ಲಿ 630 ಕೋಟಿ ಟನ್ ಆಗಲೇ ಕಸವಾಗಿತ್ತು. ಆ ಕಸದಲ್ಲಿ ಮರುಬಳಕೆಯಾದದ್ದು ನೂರಕ್ಕೆ 9 ಭಾಗ. 12 ಭಾಗ ಸುಟ್ಟರು. ಉಳಿದ 79 ಭಾಗ ಗುಂಡಿಯಲ್ಲೋ ಬಯಲಲ್ಲೋ ನೀರಲ್ಲೋ ಬಿದ್ದಿದೆ. ಇದನ್ನು ಓದಿದ ದಿನ ನಾನು ಸಿಂಕ್ ಮುಂದೆ ನಿಂತು ಒಂದು ಡಬ್ಬಿ ತೊಳೆಯುತ್ತಿದ್ದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತಿದೆಯಾ ಇದು ಅನ್ನಿಸಿತು. ಡಬ್ಬಿ ತೊಳೆದು ಮುಗಿಸಿದೆ ಅನ್ನಿ. ಅರ್ಧಕ್ಕೆ ಬಿಡುವುದು ನನ್ನಿಂದಾಗಲ್ಲ.

ಯಾಕೆ ಬರೀ 9? ಜನರ ಸೋಮಾರಿತನ ಒಂದೇ ಕಾರಣ ಅಂದುಕೊಂಡಿದ್ದೆ, ಒಂದು ಶಾಂಪೂ ಬಾಟಲಿ ಬಿಚ್ಚುವವರೆಗೂ. ಬಾಟಲಿ ಖಾಲಿಯಾಯಿತು, ಸರಿಯಾಗಿ ಬೇರ್ಪಡಿಸಿಯೇ ಹಾಕೋಣ ಎಂದು ಚಾಕು, ಕತ್ತರಿ ಹಿಡಿದು ಕೂತೆ. ಬಾಟಲಿ ಒಂದು ಜಾತಿಯ ಪ್ಲಾಸ್ಟಿಕ್. ಅದಕ್ಕೆ ಬಿಗಿಯಾಗಿ ಸುತ್ತಿದ ಬಣ್ಣದ ಹೊದಿಕೆ ಇನ್ನೊಂದು ಜಾತಿ. ಮೇಲಿನ ಪಂಪ್ ಮೂರನೆಯದು. ಪಂಪನ್ನು ಮುರಿದರೆ ಒಳಗಿಂದ ಟಣ್ ಎಂದು ಒಂದು ಸ್ಟೀಲ್ ಸ್ಪ್ರಿಂಗ್ ಹಾರಿ ಸೋಫಾ ಕೆಳಗೆ ಹೋಯಿತು. ಅದರ ಹಿಂದೆ ಒಂದು ಚಿಕ್ಕ ಗೋಲಿ. ಅರ್ಧ ಗಂಟೆ ಹಿಡಿಯಿತು, ಒಂದು ಉಗುರು ಮುರಿಯಿತು. ತಲೆ ತೊಳೆದುಕೊಳ್ಳಲು ಇಷ್ಟೊಂದು ಯಂತ್ರ ಬೇಕಾ? ಒಂದು ತಿರುಗಿಸುವ ಮುಚ್ಚಳ ಸಾಕಾಗುತ್ತಿರಲಿಲ್ವಾ?

ಇದೆಲ್ಲಾ ಸುಮ್ನೆ ಕೊಂಕು ಅಲ್ಲ. ಒಂದೊಂದು ಪ್ಲಾಸ್ಟಿಕ್ ಒಂದೊಂದು ಶಾಖಕ್ಕೆ ಕರಗುತ್ತದೆ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್‌ಗೆ ಸುಮಾರು 250 ಡಿಗ್ರಿ ಬೇಕು. ಅದರ ಜೊತೆ ಪಿವಿಸಿ ಚೂರು ಸೇರಿಕೊಂಡರೆ, ಅದು ಆ ಶಾಖ ತಡೆಯದೆ ಮೊದಲೇ ಕೆಟ್ಟು ಆಮ್ಲ ಬಿಡುತ್ತದೆ, ಪೆಟ್ ಎಲ್ಲಾ ಹಳದಿ ತಿರುಗಿ ಬಲ ಕಳೆದುಕೊಳ್ಳುತ್ತದೆ. ಮುಚ್ಚಳದ ವಿಷಯ ಮಾತ್ರ ಸಲೀಸು. ಬಾಟಲಿ ನುಚ್ಚು ಮಾಡಿ ನೀರಿಗೆ ಹಾಕಿದರೆ ಪೆಟ್ ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಎಷ್ಟು ಚೆಂದ ಅಲ್ವಾ? ಹೀಗೆ ತಾನಾಗಿಯೇ ಬೇರೆಯಾಗುವ ವಸ್ತು ಮಾಡಲು ಬರುತ್ತದೆ. ಮಾಡುವವರಿಗೆ ಮನಸ್ಸಿಲ್ಲ. ಚಿಪ್ಸ್ ಪ್ಯಾಕೆಟ್ ತಗೊಳ್ಳಿ. ಪ್ಲಾಸ್ಟಿಕ್ ಪದರಕ್ಕೆ ಅಲ್ಯೂಮಿನಿಯಂ ಲೇಪ, ಅದರ ಮೇಲೆ ಬಣ್ಣ, ಮತ್ತೆ ಪ್ಲಾಸ್ಟಿಕ್. ಅದನ್ನು ಬಿಡಿಸಲು ನನ್ನಿಂದಲೂ ಆಗಲ್ಲ, ಗುಜರಿಯವರಿಂದಲೂ ಆಗಲ್ಲ. ತಿನ್ನುವುದು ಐದು ನಿಮಿಷ. ಪ್ಯಾಕೆಟ್ ಮಾತ್ರ ನಮ್ಮ ಮೊಮ್ಮಕ್ಕಳನ್ನೂ ನೋಡುತ್ತದೆ.

ಗಾಯದ ಮೇಲೆ ಬರೆ ಅಂದರೆ ಪ್ಲಾಸ್ಟಿಕ್ ಡಬ್ಬಿ, ಬಾಟಲಿಗಳ ತಳದಲ್ಲಿರುವ ಆ ತ್ರಿಕೋನ. ಮೂರು ಬಾಣ, ನಡುವೆ ಒಂದು ಅಂಕಿ. ಬಾಣದ ಗುರುತು 1970ರಲ್ಲಿ ಗ್ಯಾರಿ ಆಂಡರ್ಸನ್ ಎಂಬ ವಿದ್ಯಾರ್ಥಿ ಸ್ಪರ್ಧೆಯೊಂದಕ್ಕೆ ಬರೆದದ್ದು. ಅದು ಮರುಬಳಕೆಯ ಗುರುತು. 1988ರಲ್ಲಿ ಪ್ಲಾಸ್ಟಿಕ್ ಉದ್ಯಮದವರು ಅದೇ ಥರದ ಬಾಣಗಳ ನಡುವೆ 1ರಿಂದ 7ರವರೆಗೆ ಅಂಕಿ ಸೇರಿಸಿದರು. ಆ ಅಂಕಿ ಹೇಳುವುದು ಇದು ಯಾವ ಜಾತಿಯ ಪ್ಲಾಸ್ಟಿಕ್ ಎಂದು ಅಷ್ಟೇ. ಮರುಬಳಕೆ ಆಗುತ್ತದೆ ಅಂತ ಅಲ್ಲವೇ ಅಲ್ಲ! 1 ಮತ್ತು 2ಕ್ಕೆ ಹೆಚ್ಚಿನ ಕಡೆ ಗಿರಾಕಿ ಇದೆ, 5ಕ್ಕೆ ಕೆಲವು ಕಡೆ. 7 ಅಂದರೆ "ಇತರೆ". ಇತರೆಯನ್ನು ಯಾರು ಕೊಳ್ಳುತ್ತಾರೆ? 2013ರಲ್ಲಿ ಬಾಣ ತೆಗೆದು ಬರೀ ತ್ರಿಕೋನ ಹಾಕಬೇಕೆಂದು ಆ ಗುರುತಿನ ಮಾನದಂಡವನ್ನೇ ಬದಲಾಯಿಸಿದರು. ಹೋಗಿ ನಿಮ್ಮ ಅಡುಗೆಮನೆಯ ಡಬ್ಬಿಗಳನ್ನು ತಿರುಗಿಸಿ ನೋಡಿ. ಬಾಣಗಳು ಇನ್ನೂ ಅಲ್ಲೇ ಸುತ್ತುತ್ತಿವೆ.

"ಮಣ್ಣಲ್ಲಿ ಕರಗುತ್ತದೆ" ಎಂದು ಎಲೆ ಚಿತ್ರ ಹಾಕಿ ಮಾರುವ ಲೋಟಗಳ ಕಥೆ ಬೇರೆ. ನಂಬಿ ಒಂದನ್ನು ನನ್ನ ಗೊಬ್ಬರದ ಕುಂಡದಲ್ಲಿ ಹೂತಿದ್ದೆ. ಎಂಟು ತಿಂಗಳಾದ ಮೇಲೆ ಅಗೆದರೆ ಸಿಪ್ಪೆ ಸೊಪ್ಪೆಲ್ಲಾ ಕಪ್ಪು ಗೊಬ್ಬರವಾಗಿದೆ, ಲೋಟ ಮದುಮಗನ ಹಾಗೆ ಹೊಳೆಯುತ್ತಾ ಕೂತಿದೆ. ಆ ಪ್ಲಾಸ್ಟಿಕ್ ಕರಗಲು 60 ಡಿಗ್ರಿಯ ಆಸುಪಾಸಿನ ಶಾಖ ಬಹಳ ದಿನ ಬೇಕಂತೆ. ಅದು ದೊಡ್ಡ ಗೊಬ್ಬರದ ಘಟಕದಲ್ಲಿ ಸಿಗುತ್ತದೆ, ಮನೆಯ ಕುಂಡದಲ್ಲಿ ಅಲ್ಲ. ಇದನ್ನು ಲೋಟದ ಮೇಲೆ ಬರೆಯಬೇಕಿತ್ತು ತಾನೇ? ಬರೆದಿದ್ದರು. ಭೂತಗನ್ನಡಿ ಹಿಡಿದು ಓದಬೇಕಾದಷ್ಟು ಸಣ್ಣಕ್ಷರದಲ್ಲಿ.

ಇಷ್ಟೆಲ್ಲಾ ಗೊತ್ತಿದ್ದೂ ಮೂರನೇ ಮಹಡಿಯವರ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂದರೆ ಉಪಯೋಗಕ್ಕೆ ಬರುವ ಆ ಸ್ವಲ್ಪವನ್ನೂ ಹಾಳು ಮಾಡುವುದು ಇಂಥ ಕವರ್‌ಗಳೇ. ದೇಶದಿಂದ ದೇಶಕ್ಕೆ ಮಾರಾಟವಾಗುವ ಪ್ಲಾಸ್ಟಿಕ್ ಕಸದಲ್ಲಿ ಹತ್ತಿರಹತ್ತಿರ ಅರ್ಧದಷ್ಟನ್ನು ಕೊಳ್ಳುತ್ತಿದ್ದ ಚೀನಾ 2018ರಲ್ಲಿ ಬಾಗಿಲು ಹಾಕಿತು. ಹೆಚ್ಚಿನ ಪ್ಲಾಸ್ಟಿಕ್‌ಗೆ ಪೂರ್ತಿ ನಿಷೇಧ. ಇನ್ನು ಕೆಲವು ಮಾಲಿನಲ್ಲಿ ಬೇರೆ ಕೊಳಕು ನೂರಕ್ಕೆ ಅರ್ಧ ಭಾಗಕ್ಕಿಂತ ಜಾಸ್ತಿ ಇರಬಾರದು ಎಂದಿತು. ನೂರು ಕಿಲೋಗೆ ಅರ್ಧ ಕಿಲೋ! ಇವರ ಒಂದು ಕವರಿನಲ್ಲೇ ಅಷ್ಟು ಉಳಿದ ಊಟ ಇತ್ತು. ಆ ಊಟವನ್ನು ಹಸಿ ಕಸಕ್ಕೆ ಹಾಕಿದ್ದರೆ ಗೊಬ್ಬರವಾಗುತ್ತಿತ್ತು. ಪ್ಲಾಸ್ಟಿಕ್ ಒಳಗೆ ಕಟ್ಟಿ ಗುಂಡಿಗೆ ಹಾಕಿದರೆ ಗಾಳಿಯಾಡದೆ ಕೊಳೆತು ಮೀಥೇನ್ ಬಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ.

ಇವರ ಥರದವರ ಮೇಲೆ ಕೋಪ ಬರುತ್ತದೆ. ಇನ್ನೊಂದು ಥರದವರಿದ್ದಾರೆ, ಅವರ ಮೇಲೆ ಕೋಪ ಮಾಡಿಕೊಳ್ಳಲೂ ಆಗಲ್ಲ. ಒಳ್ಳೆಯವರು. ಎಲ್ಲವೂ ಮರುಬಳಕೆ ಆಗಲಿ ಎಂದು ಹರಸಿ ಒಣ ಕಸಕ್ಕೆ ಹಾಕುತ್ತಾರೆ. ತೋಟದ ನೀರಿನ ಪೈಪು, ಮುರಿದ ಹ್ಯಾಂಗರ್, ಒಳಗೆ ಪ್ಲಾಸ್ಟಿಕ್ ಬಳಿದ ಕಾಗದದ ಲೋಟ, ಅಂಗಡಿಯ ನುಣುಪು ಬಿಲ್ಲು. ಆ ಬಿಲ್ಲು ಕಾಗದದ ಹಾಗೆ ಕಂಡರೂ ಬಿಸಿ ತಾಗಿದರೆ ಕಪ್ಪಾಗುವ ರಾಸಾಯನಿಕ ಬಳಿದದ್ದು, ಕಾಗದದ ಜೊತೆ ಸೇರಬಾರದು. ಪೈಪೂ ತೆಳು ಕವರೂ ಬೇರ್ಪಡಿಸುವ ಯಂತ್ರದ ಉರುಳೆಗೆ ಸುತ್ತಿಕೊಳ್ಳುತ್ತವೆ. ಆಮೇಲೆ ಯಂತ್ರ ನಿಲ್ಲಿಸಿ ಯಾರೋ ಒಬ್ಬರು ಒಳಗೆ ಇಳಿದು ಕತ್ತರಿಸಬೇಕು. ಸಂದೇಹ ಇದ್ದರೆ ಹಾಕಬೇಡಿ ಎಂದು ಹೇಳಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಹೇಳುವುದನ್ನೇ ಬಿಟ್ಟಿದ್ದೇನೆ.

ನನ್ನ ಮನೆಯೂ ಸ್ವರ್ಗ ಅಲ್ಲ. ನಮ್ಮ ಯಜಮಾನರು ಇವತ್ತಿಗೂ ಟೂತ್‌ಪೇಸ್ಟ್ ಟ್ಯೂಬ್ ಹಿಡಿದು "ಇದು ಯಾವುದಕ್ಕೆ?" ಎಂದು ಕೂಗುತ್ತಾರೆ. ವರ್ಷಗಳಿಂದ ಅದೇ ಟ್ಯೂಬ್, ಅದೇ ಪ್ರಶ್ನೆ. ಆದರೆ ಕೇಳುತ್ತಾರಲ್ಲ, ಅಷ್ಟು ಸಾಕು. ಡಬ್ಬಿಗಳನ್ನು ಲಕಲಕ ಹೊಳೆಯುವಂತೆ ತೊಳೆಯಲೂ ಬೇಕಿಲ್ಲ. ಪಾತ್ರೆ ತೊಳೆದು ಉಳಿದ ನೀರಿನಲ್ಲಿ ಒಮ್ಮೆ ಅಲುಗಿಸಿ, ಬೋರಲು ಹಾಕಿ ಒಣಗಿಸಿದರೆ ಆಯಿತು.

ಇಲ್ಲಿಯವರೆಗೆ ಬೈದದ್ದು ಬೇರೆಯವರನ್ನು. ಈಗ ನನ್ನನ್ನೂ ಬೈದುಕೊಳ್ಳುತ್ತೇನೆ. ಎರಡು ತಿಂಗಳ ಹಿಂದೆ ಡಬ್ಬದ ಮೇಲೆ ಒಂದು ಸೂಚನೆ ಅಂಟಿಸಿದ್ದೆ. "ದಯವಿಟ್ಟು ಹಸಿ ಕಸ ಇಲ್ಲಿ ಹಾಕಬೇಡಿ. ಬ್ಯಾಟರಿ, ಗಾಜು ಬೇರೆ ಇಡಿ." ದಪ್ಪ ಅಕ್ಷರ, ಎರಡು ಬಣ್ಣ. ನೀರು ಬಿದ್ದರೆ ಹಾಳಾಗಬಾರದು ಎಂದು ಲ್ಯಾಮಿನೇಟ್ ಮಾಡಿಸಿದ್ದೆ. ಇವತ್ತು ಆ ಕಂದು ನೀರಿಗೆ ಟೇಪ್ ಬಿಟ್ಟುಕೊಂಡು ಅದೂ ಡಬ್ಬದೊಳಗೆ ಬಿದ್ದಿತ್ತು. ಎತ್ತಿ ಒರೆಸಿದೆ. ಒಂದು ಅಕ್ಷರವೂ ಅಳಿಸಿಲ್ಲ. ಮೂಲೆ ಹಿಡಿದು ಬಿಡಿಸಲು ನೋಡಿದೆ, ಬರಲಿಲ್ಲ. ಎರಡು ಪ್ಲಾಸ್ಟಿಕ್ ಹಾಳೆ, ನಡುವೆ ಕಾಗದ, ಬಿಸಿ ಮಾಡಿ ಅಂಟಿಸಿದ್ದು. ಕಾಗದಕ್ಕೂ ಸೇರಲ್ಲ, ಪ್ಲಾಸ್ಟಿಕ್‌ಗೂ ಸೇರಲ್ಲ.

ಐದು ನಿಮಿಷ ಅದನ್ನು ಹಿಡಿದುಕೊಂಡು ಡಬ್ಬದ ಮುಂದೆ ನಿಂತಿದ್ದೆ. ಮೂರನೇ ಮಹಡಿಯವರು ಕೈಯಲ್ಲಿ ಬೀಗದ ಕೈ ಆಡಿಸುತ್ತಾ ಇಳಿದು ಬಂದರು. "ಏನಮ್ಮಾ, ಯಾವುದಕ್ಕೆ ಹಾಕೋದು ಅಂತ ಯೋಚನೆನಾ?" ಅಂದರು. ನಾನು ಏನೂ ಹೇಳಲಿಲ್ಲ. ಒಳಗೆ ತಂದು ಫ್ರಿಜ್ ಮೇಲೆ ಇಟ್ಟಿದ್ದೇನೆ. ಊದಿಕೊಂಡ ಬ್ಯಾಟರಿ ಮಾತ್ರ ಬಾಲ್ಕನಿಯಲ್ಲಿ ಮರಳು ತುಂಬಿದ ಡಬ್ಬಿಯೊಳಗಿದೆ. ಬೆಳಿಗ್ಗೆ ಅವರು ಅದನ್ನು ವಾಪಸ್ ತಗೊಳ್ಳಲೇ ಇಲ್ಲ.