ಹೆಸರಘಟ್ಟದ ದ್ರಾಕ್ಷಿ, ಕಾತ್ಸುನುಮದ ಚಪ್ಪರ

ಏಷ್ಯಾದ ವೈನ್ ಅಂದರೆ ಈಗ ಎಲ್ಲರೂ ಚೀನಾದ ಕಡೆ ಬೆರಳು ತೋರಿಸುತ್ತಾರೆ. ನಿಂಗ್‌ಶಿಯಾದಲ್ಲಿ ಚಳಿಗಾಲಕ್ಕೆ ಮುಂಚೆ ಬಳ್ಳಿಗಳನ್ನು ಮಣ್ಣಿನಲ್ಲಿ ಮುಚ್ಚಿಟ್ಟು, ಚಳಿ ಕಳೆದ ಮೇಲೆ ಮತ್ತೆ ಬಿಡಿಸುತ್ತಾರೆ. 2011ರಲ್ಲಿ ಅಲ್ಲಿನ ಒಂದು ಕೆಂಪು ವೈನಿಗೆ ಲಂಡನ್ನಿನ ಸ್ಪರ್ಧೆಯಲ್ಲಿ ಟ್ರೋಫಿ ಬಂದ ಮೇಲಂತೂ ಸುದ್ದಿಯೋ ಸುದ್ದಿ. ಇರಲಿ. ನಾನು ಹೇಳಬೇಕೆಂದಿರುವುದು ನಾನಿರುವ ಜಪಾನಿನ ಯಮನಾಶಿ ಪ್ರಾಂತ್ಯದ ಬಗ್ಗೆ. ಇಲ್ಲಿನವರು ಫ್ರಾನ್ಸಿನ ದಾರಿ ಹಿಡಿದು ಹೊರಟರೂ ತಮ್ಮ ಹಿತ್ತಲ ದ್ರಾಕ್ಷಿಯನ್ನು ಕೈಬಿಡಲಿಲ್ಲ. ನಮ್ಮ ಕರ್ನಾಟಕದಲ್ಲಿ ಮಾತ್ರ ಹಿತ್ತಲ ಗಿಡ ಮದ್ದಲ್ಲ.

ಟೋಕಿಯೊದ ಶಿಂಜುಕುವಿನಿಂದ ರೈಲು ಹತ್ತಿದರೆ ಒಂದೂವರೆ ಗಂಟೆಯಲ್ಲಿ ಯಮನಾಶಿಯ ಕಾತ್ಸುನುಮ ಬರುತ್ತದೆ. ಈ ಹಳ್ಳಿಯಿಂದ 1877ರಲ್ಲಿ ಇಬ್ಬರು ಹುಡುಗರನ್ನು ವೈನ್ ಕಲಿಯಲೆಂದು ಫ್ರಾನ್ಸಿಗೆ ಕಳಿಸಿದ್ದರು. 1879ರಲ್ಲಿ ಅವರು ವಾಪಸಾದರು. ಬಂದು ಕೈ ಹಾಕಿದ್ದು ಊರಲ್ಲೇ ಇದ್ದ ಕೋಶು ದ್ರಾಕ್ಷಿಗೆ. ತೆಳು ಗುಲಾಬಿ ಸಿಪ್ಪೆಯ, ಜನ ಸುಮ್ನೆ ಕಿತ್ತು ತಿನ್ನುತ್ತಿದ್ದ ಹಣ್ಣು ಅದು. ಇಂದಿಗೂ ಇಲ್ಲಿ ಕೋಶುವನ್ನು ಹೆಚ್ಚಾಗಿ ಚಪ್ಪರದ ಮೇಲೇ ಬೆಳೆಸುತ್ತಾರೆ, ಥೇಟ್ ದೇವನಹಳ್ಳಿ ಕಡೆಯ ಹಾಗೆ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಬಿಡುವುದೇ ಇಲ್ಲ. ನೆಲದ ಹತ್ತಿರ ಗೊಂಚಲು ಇದ್ದರೆ ಬೂಷ್ಟು ಗ್ಯಾರಂಟಿ. ಎತ್ತರದಲ್ಲಿದ್ದರೆ ಗಾಳಿಯಾಡುತ್ತದೆ. ಅದೂ ಸಾಲದು ಅಂತ ಎಷ್ಟೋ ತೋಟಗಳಲ್ಲಿ ಒಂದೊಂದು ಗೊಂಚಲಿಗೂ ಮೇಣದ ಕಾಗದದ ಟೋಪಿ ಹಾಕುತ್ತಾರೆ. ನಮ್ಮ ಪಕ್ಕದ ತೋಟದ ಅಜ್ಜಿ ಕತ್ತು ಹಿಂದಕ್ಕೆ ಬಾಗಿಸಿ, ತಲೆ ಮೇಲಿನ ಗೊಂಚಲಿನ ತೊಟ್ಟಿಗೆ ಕಾಗದ ಸುತ್ತಿ, ಸ್ಟೇಪ್ಲರ್ ಒತ್ತಿ ಮುಂದಕ್ಕೆ ಹೋಗುತ್ತಾರೆ. ದಿನವಿಡೀ ಇದೇ ಕೆಲಸ. ಬೆಲೆ ಜಾಸ್ತಿ ಅಂತ ಗೊಣಗುವ ಮುಂಚೆ ಇದನ್ನೊಮ್ಮೆ ನೋಡಬೇಕು.

ಇಲ್ಲಿನ ಹಳಬರು ವೈನನ್ನು 1.8 ಲೀಟರಿನ ಸಾಕೆ (ಅಕ್ಕಿಯ ಮದ್ಯ) ಬಾಟಲಿಯಲ್ಲಿ ತಂದು, ಟೀ ಕುಡಿಯುವ ಲೋಟಕ್ಕೆ ಸುರಿದುಕೊಂಡು ಊಟದ ಜೊತೆ ಕುಡಿಯುತ್ತಾರೆ. ಗ್ಲಾಸನ್ನು ಬೆಳಕಿಗೆ ಹಿಡಿದು ಮೂಸಿ ನೋಡುವ ಶೋಕಿ ಇಲ್ಲ. ನನಗೆ ಇದೇ ಇಷ್ಟ.

ಹಾಗಂತ ಜಪಾನಿನವರೆಲ್ಲ ಸಾಚಾ ಅಂತಲ್ಲ. ಹೊರದೇಶದ ದ್ರಾಕ್ಷಿ ರಸ ತರಿಸಿ, ಇಲ್ಲಿ ಹುದುಗಿಸಿ 'ದೇಶಿ ವೈನ್' ಅಂತ ವರ್ಷಗಟ್ಟಲೆ ಮಾರಿದ್ದಾರೆ. ಪೂರ್ತಿ ಇಲ್ಲೇ ಬೆಳೆದ ದ್ರಾಕ್ಷಿಯಾದರೆ ಮಾತ್ರ 'ಜಪಾನ್ ವೈನ್' ಅನ್ನಬೇಕು ಎಂಬ ನಿಯಮ ಪೂರ್ತಿ ಜಾರಿಗೆ ಬಂದದ್ದು 2018ರ ಅಕ್ಟೋಬರಿನಲ್ಲಿ. ಎರಡನೇ ಮಹಾಯುದ್ಧದ ಕಥೆ ಇನ್ನೂ ತಮಾಷೆ. ಸಬ್‌ಮರೀನ್ ಸದ್ದು ಹಿಡಿಯುವ ಯಂತ್ರಕ್ಕೆ ಟಾರ್ಟಾರಿಕ್ ಆಮ್ಲದಿಂದ ಮಾಡುವ ಒಂದು ಉಪ್ಪು ಬೇಕಿತ್ತು. ಆ ಆಮ್ಲ ವೈನಿನಲ್ಲಿ ಸಿಗುತ್ತದೆ. ಹಾಗಾಗಿ ವೈನ್ ಮಾಡಿ ಮಾಡಿ ಅಂತ ಸರ್ಕಾರವೇ ದುಂಬಾಲು ಬಿತ್ತು. ರುಚಿ ಯಾರಿಗೆ ಬೇಕಿತ್ತು?

ನನಗೆ ಹೊಟ್ಟೆಕಿಚ್ಚು ಬರುವುದು ಜಪಾನಿನದೇ ನೀಗಾತಾ ಪ್ರಾಂತ್ಯದ ಕವಕಾಮಿ ಝೆನ್‌ಬೆ ಎಂಬ ಜಮೀನ್ದಾರನ ವಿಷಯದಲ್ಲಿ. ಬರೀ ಭತ್ತ ನಂಬಿದ ಗೇಣಿದಾರರಿಗೆ ಇನ್ನೊಂದು ದಾರಿ ಇರಲಿ ಅಂತ 1890ರಲ್ಲಿ ದ್ರಾಕ್ಷಿ ತೋಟ ಹಾಕಿದ. ಚಳಿಗಾಲದ ಹಿಮ ಕೂಡಿಟ್ಟು ನೆಲಮಾಳಿಗೆ ತಂಪು ಮಾಡಿದ. ಯುರೋಪಿನ ತಳಿ ಈ ಮಳೆಗೆ ತಡೆಯಲಿಲ್ಲ. ಅಮೆರಿಕದ ತಳಿ ತಡೆಯಿತು, ಆದರೆ ವಾಸನೆ ಗಾಢ. ಎರಡನ್ನೂ ಕೂಡಿಸೋಣ ಅಂತ ಹೊರಟು ಹತ್ತು ಸಾವಿರಕ್ಕೂ ಮೀರಿ ತಳಿಸಂಕರ ಮಾಡಿದ, ಮನೆ ಆಸ್ತಿ ಕರಗಿಸಿದ. 1927ರಲ್ಲಿ ಹೀಗೆ ಹುಟ್ಟಿದ 'ಮಸ್ಕಟ್ ಬೈಲಿ ಎ' ಇವತ್ತು ಜಪಾನಿನ ಮುಖ್ಯ ಕೆಂಪು ವೈನ್ ತಳಿ. ಸ್ಟ್ರಾಬೆರಿ ವಾಸನೆ ಹೊಡೆಯುತ್ತದೆ, ಫ್ರೆಂಚರು ಮೂಗು ಮುರಿಯಬಹುದು. ಆದರೂ ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆಯಲ್ಲಿ 2010ರಲ್ಲಿ ಕೋಶು, 2013ರಲ್ಲಿ ಈ ತಳಿ ನೋಂದಣಿಯಾದವು.

ಈಗ ನಮ್ಮೂರಿಗೆ ಬನ್ನಿ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಚಪ್ಪರಗಳಲ್ಲಿ ವರ್ಷಕ್ಕೆ ಎರಡು ಬೆಳೆ ಕೊಡುವ ಬೆಂಗಳೂರು ಬ್ಲೂ ಕೂಡ ಅಮೆರಿಕದ ಇಸಬೆಲ್ಲಾ ತಳಿಯೇ. ಅದೇ ಗಾಢ ವಾಸನೆ. ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ. ಹಣ್ಣು ಹೋಗುವುದು ಮಾತ್ರ ಜ್ಯೂಸಿಗೆ, ಅಗ್ಗದ ಸಿಹಿ ಪೋರ್ಟ್ ವೈನಿಗೆ. 1980ರ ದಶಕದ ಕೊನೆಗೆ ಉದ್ಯಮಿ ಕನ್ವಲ್ ಗ್ರೋವರ್ ನಂದಿ ಬೆಟ್ಟದ ಬುಡದಲ್ಲಿ ತೋಟ ಮಾಡಿದಾಗ ತಂದದ್ದು ಫ್ರೆಂಚ್ ತಳಿ. ಸಲಹೆಗಾರರೂ ಫ್ರಾನ್ಸಿನವರು. ಒಳ್ಳೆಯ ವೈನೇ ಬಂತು, ಇಲ್ಲ ಅನ್ನುವುದಿಲ್ಲ. ಆದರೆ ಬ್ಲೂ ದ್ರಾಕ್ಷಿಯನ್ನು ಪ್ರೀತಿಯಿಂದ ಕಂಡವರು ಕ್ರಿಸ್‌ಮಸ್‌ಗೆಂದು ಜಾಡಿಯಲ್ಲಿ ಸಕ್ಕರೆ, ಗೋಧಿ, ಚಕ್ಕೆ, ಲವಂಗ ಹಾಕಿ ಮನೆಯಲ್ಲೇ ವೈನ್ ಇಡುವವರು ಮಾತ್ರ.

ಬ್ಲೂ ದ್ರಾಕ್ಷಿಯಿಂದ ಹಾಗೇ ದೊಡ್ಡ ವೈನ್ ಮಾಡಿ ಅಂತ ನಾನು ಹೇಳುತ್ತಿಲ್ಲ. ಯುರೋಪ್ ಒಕ್ಕೂಟದ ನಿಯಮದಲ್ಲಿ ಇಸಬೆಲ್ಲಾ ವೈನ್ ತಳಿಗಳ ಪಟ್ಟಿಗೇ ಸೇರುವುದಿಲ್ಲ. ಆದರೆ ಕವಕಾಮಿ ಮಾಡಿದ ಕೆಲಸ ನಮ್ಮಲ್ಲೂ ಆಗಿದೆ ಅಲ್ವಾ? ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಂಗಳೂರು ಬ್ಲೂವನ್ನು ಬೇರೆ ತಳಿಗಳ ಜೊತೆ ಕೂಡಿಸಿ ಅರ್ಕಾ ಶ್ಯಾಮ್, ಅರ್ಕಾ ತೃಷ್ಣಾ ಬಿಡುಗಡೆ ಮಾಡಿದೆ. ತೃಷ್ಣಾ ವೈನಿಗೆ ಒಗ್ಗುತ್ತದೆ ಅಂತ ಅವರೇ ಹೇಳಿದ್ದಾರೆ. ಊರಿಗೆ ಬಂದಾಗಲೆಲ್ಲ ಅಂಗಡಿಯಲ್ಲಿ ಹುಡುಕುತ್ತೇನೆ, ಆ ಹೆಸರಿನ ಬಾಟಲಿ ಕಣ್ಣಿಗೆ ಬಿದ್ದಿಲ್ಲ. ಕವಕಾಮಿ ತಳಿ ಮಾಡಿದ್ದೂ ವೈನ್ ಮಾಡಿದ್ದೂ ಒಂದೇ ತೋಟದಲ್ಲಿ. ನಮ್ಮಲ್ಲಿ ತಳಿ ಮಾಡುವವರೇ ಬೇರೆ, ಬೆಳೆಯುವವರೇ ಬೇರೆ, ವೈನ್ ಮಾರುವವರೇ ಬೇರೆ. 2007ರಲ್ಲಿ ರಾಜ್ಯ ವೈನ್ ನೀತಿ ತಂದಿತು, ವೈನ್ ಬೋರ್ಡೂ ಬಂತು. ಈ ಮೂವರನ್ನು ಒಂದು ಚಪ್ಪರದ ಕೆಳಗೆ ಕೂರಿಸುವ ಕೆಲಸ ಮಾತ್ರ ಆದ ಹಾಗೆ ಕಾಣುವುದಿಲ್ಲ.

ಬೆಳೆಗಾರನ ಲೆಕ್ಕ ಎಲ್ಲ ಕಡೆ ಒಂದೇ. ಯಮನಾಶಿಯಲ್ಲೂ ಈಗ ರೈತರು ಕೋಶು ಕಿತ್ತು ಶೈನ್ ಮಸ್ಕಟ್ ಹಾಕುತ್ತಿದ್ದಾರೆ. ಅದು ತಿನ್ನುವ ಹಣ್ಣು, ಬೆಲೆ ಎಷ್ಟೋ ಪಾಲು ಜಾಸ್ತಿ. ವೈನರಿಗಳು ಕೋಶು ಸಾಲದೆ ಒದ್ದಾಡುತ್ತಿವೆ. ವಿಜಯಪುರದ ರೈತ ದ್ರಾಕ್ಷಿಯನ್ನು ಶೆಡ್ಡಿನಲ್ಲಿ ಒಣಗಿಸಿ ಒಣದ್ರಾಕ್ಷಿ ಮಾಡಿ ಮಾರುವುದೂ ಇದೇ ಲೆಕ್ಕದ ಮೇಲೆ. ಹಾಗಾಗಿ ಹೊಸ ತಳಿ ಹಾಕಿ ಅಂತ ಚಿಕ್ಕಬಳ್ಳಾಪುರದ ರೈತನಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ. ಐದಾರು ವರ್ಷ ಇಂತಿಷ್ಟು ದರಕ್ಕೆ ತಗೋತೀವಿ ಅಂತ ಯಾವುದಾದರೂ ವೈನರಿ ಮೊದಲು ಬರೆದು ಕೊಡಲಿ, ಅರ್ಧ ಎಕರೆ ತೃಷ್ಣಾ ಹಾಕಿಸಲಿ. ಬಾಟಲಿ ಮೇಲೆ ಊರಿನ ಹೆಸರನ್ನೂ ತಳಿಯ ಹೆಸರನ್ನೂ ಕನ್ನಡದಲ್ಲೇ ಹಾಕಲಿ. ಎರಡು ಬಾಟಲಿ ನನಗಿರಲಿ, ಒಂದು ಪಕ್ಕದ ತೋಟದ ಅಜ್ಜಿಗೆ. ಸಕ್ಕರೆ ಮಾತ್ರ ಸುರಿಯಬೇಡಿ.