ಟಿಕೆಟ್ ನಂಬರ್ ಬಂತು, ಮನುಷ್ಯ ಬರಲಿಲ್ಲ

ನಮ್ಮ ದಾಲ್ ಮಿಲ್ಲಿನ ಕಂಪ್ಯೂಟರ್ ಬಿಚ್ಚಿದಾಗ ಒಳಗೆ ಕಾಲು ಕಿಲೋ ತೊಗರಿ ಹೊಟ್ಟು ಸಿಕ್ಕಿತು ಎಂದು ನಾನು ಹೇಳಿದ್ದೆ. ಕಾಕಾ ತೂಗಿಸಿದರು. 180 ಗ್ರಾಂ. ವ್ಯಾಪಾರಿಯ ಎದುರು ಅಂದಾಜು ಹೇಳಬಾರದು.

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಕಂಪ್ಯೂಟರ್ ಬಾಳಿಸುವುದು ಕೂಸು ಸಾಕಿದಷ್ಟೇ ಕಷ್ಟ. ಹೊರಗೆ ಬಿಸಿಲು, ಒಳಗೆ ಹೊಟ್ಟು. ಹಿಂದೆ ಬರೀ ಖಾತೆ ಪುಸ್ತಕವಿದ್ದಾಗ ಅದರ ಮೇಲೆ ಬಿದ್ದ ಹೊಟ್ಟನ್ನು ಮುನೀಮರು ಉಫ್ ಎಂದು ಊದಿದರೆ ಮುಗಿಯುತ್ತಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಯಿತು, ಊದಿದರೆ ಮುಗಿಯದಾಯಿತು.

ಆಗ ಒಬ್ಬ ಹುಡುಗನನ್ನು ಸಂಬಳಕ್ಕೆ ಇಟ್ಟುಕೊಂಡೆವು. ಡಿಪ್ಲೊಮಾ ಓದಿದವನು, ಬುದ್ಧಿವಂತ. ಬೆಳಗ್ಗೆ ಬಂದು ಕಂಪ್ಯೂಟರಿನ ಹೊಟ್ಟು ಹೊಡೆದರೆ ಅರ್ಧ ಗಂಟೆಗೆ ಅವನ ಕೆಲಸ ತೀರುತ್ತಿತ್ತು. ಉಳಿದ ಏಳೂವರೆ ಗಂಟೆಯ ಸಂಬಳ ಕಾಕಾನ ಕಣ್ಣಿಗೆ ಚುಚ್ಚತೊಡಗಿತು. ಹಾಗಾಗಿ ಅವನು ಕಾಕಿಯ ಟಿವಿಗೆ ಹಣ ತುಂಬಿದ, ಆಳಂದದ ಬೀಗರ ಮೊಬೈಲ್ ಸರಿ ಮಾಡಿದ, ಮೂರು ಲಗ್ನಪತ್ರಿಕೆ ಮತ್ತು ಒಂದು ಗೃಹಪ್ರವೇಶದ ಕಾರ್ಡು ತಯಾರಿಸಿದ. ಮಿಲ್ಲಿನ ಪಾಸ್‌ವರ್ಡುಗಳೆಲ್ಲ ಅವನ ತಲೆಯಲ್ಲೇ ಇದ್ದವು. ಅವು ಅಲ್ಲಿ ಕ್ಷೇಮವಾಗಿವೆ ಎಂದು ನಾವು ನೆಮ್ಮದಿಯಾಗಿದ್ದೆವು.

ಒಂದು ದಿನ ಆ ತಲೆಗೆ ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯಲ್ಲಿ ಸರ್ಕಾರಿ ನೌಕರಿ ಸಿಕ್ಕಿತು. ಎಲ್ಲರ ಕಾಲು ಮುಟ್ಟಿ, ಪೇಡೆ ಹಂಚಿ ಹೋದ. ಪೇಡೆ ತಿಂದು ಕೈ ತೊಳೆಯುವಾಗ ನಮಗೆ ಪಾಸ್‌ವರ್ಡ್ ನೆನಪಾಯಿತು. ಅವನು ತರಬೇತಿಯಲ್ಲಿದ್ದ, ಮೊಬೈಲ್ ಬಂದ್. ಮೂರು ದಿನ ನಾವು ದೇವರ ಹೆಸರು, ಮಕ್ಕಳ ಹೆಸರು, ಕೊನೆಗೆ ಸಿಟ್ಟಿನಲ್ಲಿ ಬೈಗುಳವನ್ನೂ ಒತ್ತಿ ನೋಡಿದೆವು. ನಾಲ್ಕನೆಯ ದಿನ ಅವನೇ ಫೋನ್ ಮಾಡಿ, ಕಾಕಾನ ಹಳೆಯ ಸ್ಕೂಟರಿನ ನಂಬರ್ ಎಂದ. ಸ್ಕೂಟರ್ ಮಾರಿ ಹತ್ತು ವರ್ಷವಾಗಿತ್ತು. ಕೆಎ 32ರ ಮುಂದಿನದು ಕಾಕಾನಿಗೆ ನೆನಪಿಲ್ಲ. ಮುನೀಮರು ಮಾತ್ರ ಗಡಗಡನೆ ಹೇಳಿದರು. ಅದರ ವಿಮೆಯ ಹಣವನ್ನು ಅವರು ಇನ್ನೂ ವರ್ಷ ವರ್ಷ ಕಟ್ಟುತ್ತಿದ್ದರಂತೆ. ಕಂಪ್ಯೂಟರ್ ತೆರೆಯಿತು, ಜಗಳವೂ ತೆರೆಯಿತು.

"ಮನೆಯ ಹುಡುಗ ಬೇಡ, ಹೊರಗಿನವರಿಗೆ ಗುತ್ತಿಗೆ ಕೊಡೋಣ" ಎಂದರು ಕಾಕಾ. ಬೆಂಗಳೂರಿನ ಒಂದು ಕಂಪನಿ ಸಿಕ್ಕಿತು. ವರ್ಷದ ಗುತ್ತಿಗೆ, ಹುಡುಗನ ಸಂಬಳದ ಮೂರನೇ ಒಂದು ಪಾಲು. ಕರಾರುಪತ್ರದಲ್ಲಿ "4 ಗಂಟೆಯೊಳಗೆ ಪ್ರತಿಕ್ರಿಯೆ" ಎಂದಿತ್ತು. ಕಾಕಾ ಅದನ್ನು "4 ಗಂಟೆಯೊಳಗೆ ದುರಸ್ತಿ" ಎಂದು ಓದಿಕೊಂಡು ಸಹಿ ಹಾಕಿದರು. ಪ್ರತಿಕ್ರಿಯೆ ಎಂದರೆ ದೂರು ದಾಖಲಾಯಿತು ಎಂದು ಹೇಳುವ ಟಿಕೆಟ್ ನಂಬರ್ ಎಂದು ಆಮೇಲೆ ಗೊತ್ತಾಯಿತು. ಅದು ಮಾತ್ರ ನಾಲ್ಕು ನಿಮಿಷಕ್ಕೇ ಬರುತ್ತದೆ.

ಆ ಕಂಪನಿಯವರ ಒಂದು ಉಪಕಾರವನ್ನು ಮರೆಯುವಂತಿಲ್ಲ. ಬೇಸಿಗೆಯಲ್ಲಿ ಹಾರ್ಡ್ ಡಿಸ್ಕ್ ಸತ್ತಾಗ ಲೆಕ್ಕವೆಲ್ಲ ಹೋಯಿತೆಂದು ಮುನೀಮರು ತಲೆಯ ಮೇಲೆ ಟವೆಲ್ ಹಾಕಿ ಕುಳಿತಿದ್ದರು. ಹೊಸ ಡಿಸ್ಕ್ ಹಾಕಿಸಿದ ಸಂಜೆಯೇ ಹಿಂದಿನ ರಾತ್ರಿಯವರೆಗಿನ ಲೆಕ್ಕ ಹಾಗೆಯೇ ವಾಪಸು ಬಂತು. ದಿನವೂ ರಾತ್ರಿ ಅವರು ಪ್ರತಿ ತೆಗೆದು ಬೇರೆ ಊರಿನಲ್ಲಿ ಇಡುತ್ತಾರಂತೆ. ನಮ್ಮ ಹುಡುಗನೂ ತಪ್ಪದೆ ಪ್ರತಿ ತೆಗೆಯುತ್ತಿದ್ದ, ಆದರೆ ಅದೇ ಡಿಸ್ಕಿನ ಸಿ ಭಾಗದಿಂದ ಡಿ ಭಾಗಕ್ಕೆ. ಎಡಜೇಬಿನ ರೊಕ್ಕವನ್ನು ಬಲಜೇಬಿಗೆ ಹಾಕಿ, ಅಂಗಿಯನ್ನೇ ಬಸ್ಸಿನಲ್ಲಿ ಬಿಟ್ಟು ಬಂದ ಹಾಗೆ.

ಆದರೆ ಲಾರಿ ತೂಗುವ ಕಾಟಾ ಕೆಟ್ಟ ದಿನದ ಕಥೆಯೇ ಬೇರೆ.

ಹೈದರಾಬಾದಿಗೆ ಹೋಗಬೇಕಾದ ಲಾರಿ ಕಾಟಾದ ಮೇಲೆ ನಿಂತಿದೆ. ತೂಕ ಕಂಪ್ಯೂಟರಿಗೆ ಬರುತ್ತಿಲ್ಲ. ತೂಕ ಬಾರದೆ ಬಿಲ್ ಇಲ್ಲ. ಹೆಸರು ಮುದ್ರಿಸಿದ 25 ಕಿಲೋವರೆಗಿನ ಚೀಲಕ್ಕೆ 2022ರ ಜುಲೈ 18ರಿಂದ ತೆರಿಗೆ ಬಿದ್ದಿದೆ, ಮಾಲು 50 ಸಾವಿರ ರೂಪಾಯಿ ದಾಟಿದರೆ ಸಾಗಣೆಯ ಇ-ವೇ ಬಿಲ್ ಇಲ್ಲದೆ ಗೇಟು ದಾಟುವಂತಿಲ್ಲ. ಫೋನ್ ಹಚ್ಚಿದೆವು. ಆ ಕಡೆ ಒಬ್ಬ ಹುಡುಗಿ, ಬಹಳ ಮರ್ಯಾದೆಯ ದನಿ.

"ಸರ್, ತುಂಬಾ ಸದ್ದು ಬರುತ್ತಿದೆ. ಕಂಪ್ಯೂಟರಿನ ಫ್ಯಾನ್ ಸದ್ದೇ?"

"ಅಲ್ಲ ತಂಗಿ, ತೊಗರಿ ಒಡೆಯುತ್ತಿದ್ದೇವೆ."

ಅವಳು ಅಲ್ಲಿಂದಲೇ ನಮ್ಮ ಪರದೆಯೊಳಗೆ ಬಂದಳು. ಬಾಣದ ಗುರುತು ತಾನೇ ಓಡಾಡತೊಡಗಿದ್ದನ್ನು ಕಂಡು ಮುನೀಮರು ಕುರ್ಚಿ ಬಿಟ್ಟು ಎದ್ದು ನಿಂತರು. ಬೇರೆಯವರು ಕೆಲಸ ಮಾಡುವಾಗ ತಾನು ಕೂರುವುದು ಸರಿಯಲ್ಲವಂತೆ. ಒಂದೂವರೆ ಗಂಟೆ ಹುಡುಕಿ ಅವಳು ಹೇಳಿದಳು: "ನಿಮ್ಮ ಡ್ರೈವರ್ ತುಂಬಾ ಹಳೆಯದು ಸರ್. ತೆಗೆದು ಹೊಸದು ಹಾಕಿಬಿಡುತ್ತೇನೆ."

ಫೋನ್ ಸ್ಪೀಕರಿನಲ್ಲಿತ್ತು. ಬಾಗಿಲಲ್ಲಿ ಬೀಡಿ ಹಿಡಿದು ನಿಂತಿದ್ದ ಲಾರಿಯವನು ಒಳಗೆ ನುಗ್ಗಿದ. "ನನ್ನನ್ನು ತೆಗೆಯುವುದಕ್ಕೆ ಇವಳು ಯಾರು? ಇಪ್ಪತ್ತು ವರ್ಷದಲ್ಲಿ ಒಂದು ಕೋಳಿಗೂ ಗುದ್ದಿಲ್ಲ!" ಅವಳು ಹೇಳಿದ್ದು ಕಾಟಾದ ಮಾತು ಕಂಪ್ಯೂಟರಿಗೆ ತಿಳಿಸುವ ತಂತ್ರಾಂಶದ ಬಗ್ಗೆ ಎಂದು ಅವನಿಗೆ ಎರಡು ಕಪ್ ಚಹಾ ಕುಡಿಸಿ ಸಮಾಧಾನ ಮಾಡಬೇಕಾಯಿತು. ಹೊಸ ಡ್ರೈವರ್ ಬಂದರೂ ತೂಕ ಬರಲಿಲ್ಲ.

ಕೊನೆಗೆ ಕೆಳಗೆ ಬಿದ್ದ ಸೂಜಿದಾರ ಹುಡುಕಲು ಮೇಜಿನಡಿ ಬಗ್ಗಿದ ಹಮಾಲನೊಬ್ಬ ಒಂದು ತಂತಿಯ ತುದಿ ಎತ್ತಿ ತೋರಿಸಿದ. ಕಾಟಾದಿಂದ ಬರುವ ತಂತಿ. ಇಲಿ ಕಡಿದು ಒಳಗಿನ ತಾಮ್ರದ ಎಳೆಗಳು ಹುಲ್ಲಿನಂತೆ ಹೊರಗೆ ಚಾಚಿದ್ದವು. ಇಲಿಯದೇನು ತಪ್ಪು? ಒಡೆಯುವ ಮೊದಲು ತೊಗರಿಗೆ ಎಣ್ಣೆ ಹಚ್ಚುತ್ತೇವೆ, ಅದೇ ಕೈಯಿಂದ ಎಲ್ಲರೂ ತಂತಿ ಮುಟ್ಟುತ್ತೇವೆ. ಒಗ್ಗರಣೆ ಹಾಕಿ ಬಡಿಸಿದ್ದು ನಾವೇ. ಹಮಾಲ ತಂತಿ ಹೆಣೆದು ಪಟ್ಟಿ ಸುತ್ತಿದ. ತೂಕ ಬಂತು. ಹುಡುಗಿಗೆ ವಿಷಯ ಹೇಳಿದೆ. "ಇಲಿ ನಮ್ಮ ಕರಾರಿನಲ್ಲಿ ಬರುವುದಿಲ್ಲ ಸರ್" ಎಂದಳು. ಮರುಕ್ಷಣವೇ ಸಂದೇಶ: ಸಮಸ್ಯೆ ಬಗೆಹರಿದಿದೆ, ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?

ಆ ರಾತ್ರಿ ಕಾಕಾ ಬಹಳ ಯೋಚಿಸಿದರು. ಗುತ್ತಿಗೆ ಹೊರಗಿನವರಿಗೇ ಇರಲಿ, ಪಾಸ್‌ವರ್ಡುಗಳನ್ನೆಲ್ಲ ಬರೆದು ತಿಜೋರಿಯಲ್ಲಿ ಇಡೋಣ, ಆದರೆ ಮಿಲ್ಲಿನೊಳಗೆ ನಮ್ಮದೇ ಒಂದು ಜೀವ ಇರಲೇಬೇಕು ಎಂದು ತೀರ್ಮಾನವಾಯಿತು. ಮರುದಿನವೇ ನೇಮಕ ಮಾಡಿದರು. ಬೂದು ಬಣ್ಣ, ಒಂದು ಕಿವಿ ಹರಿದಿದೆ, ಲಗ್ನಪತ್ರಿಕೆ ಮಾಡಲು ಬರುವುದಿಲ್ಲ. ದಿನವೂ ಮೇಜಿನಡಿ ತಂತಿಗಳ ಪಕ್ಕದಲ್ಲೇ ಮಲಗುತ್ತದೆ.

ಅದರ ಹಾಲಿನ ಖರ್ಚನ್ನು ಮುನೀಮರು "ಕಂಪ್ಯೂಟರ್ ನಿರ್ವಹಣೆ" ಖಾತೆಯಲ್ಲಿ ಬರೆಯುತ್ತಿದ್ದಾರೆ. ಲೆಕ್ಕ ಪರಿಶೋಧಕರು ಮುಂದಿನ ವಾರ ಬರುತ್ತಾರೆ.