ಶಾಂತ ಕೋಣೆ ಎಲ್ಲಿಂದ ತರೋಣ?

ಮನಸ್ಸು ಕುಗ್ಗಿದಾಗ ಡಾಕ್ಟರ್ ಜೊತೆ ವಿಡಿಯೋದಲ್ಲಿ ಮಾತಾಡೋದರ ಬಗ್ಗೆ ನಿಮ್ಮ ಲೇಖನದಲ್ಲಿ 'ವಿಡಿಯೋ ಕಾಲ್‌ಗೆ ಮೊದಲು ಶಾಂತವಾದ ಕೋಣೆ ನೋಡಿಕೊಳ್ಳಿ' ಅಂತ ಬರೆದಿದ್ದೀರಿ. ವಿಜಯಪುರದ ನಮ್ಮ ಮನೆಯಲ್ಲಿ ಇರೋದೇ ಎರಡು ಕೋಣೆ, ಒಂದರಲ್ಲಿ ಅತ್ತೆಯವರ ಟಿವಿ. ಮೊದಲ ಸಲ ಡಾಕ್ಟರ್ ನಿದ್ದೆ ಹೇಗಿದೆ ಅಂದಾಗ, ಬಾಗಿಲ ಹಿಂದೆ ಯಾರೋ ನಿಂತ ಹಾಗಾಗಿ 'ಚೆನ್ನಾಗಿದೆ' ಅಂದುಬಿಟ್ಟೆ. ಸುಳ್ಳು. ಮೂರು ವಾರದಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗುತ್ತಿತ್ತು.

ಎರಡನೇ ಸಲ ಸಂಜೆ ಆರಕ್ಕೆ ಟೈಮ್ ಕೇಳಿಕೊಂಡು (ಮಧ್ಯಾಹ್ನದ ಬಿಸಿಲಲ್ಲಿ ಮಾಳಿಗೆ ಮೇಲೆ ಕೂರೋದು ಆಗೋ ಮಾತಲ್ಲ) ನೀರಿನ ಟ್ಯಾಂಕ್ ಪಕ್ಕ ಇಯರ್‌ಫೋನ್ ಹಾಕಿಕೊಂಡು ಕೂತೆ. ಡಾಕ್ಟರ್ ಕೇಳೋ ಪ್ರಶ್ನೆಯಾದರೂ ಹೊರಗೆ ಕೇಳಿಸಲ್ಲ, ಅಲ್ವಾ. ನಿದ್ದೆ, ಊಟ, ಯಾವಾಗ ಶುರುವಾಯಿತು, ಎಲ್ಲಾ ಮಗಳ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಗೀಚಿಟ್ಟಿದ್ದೆ. ತೆಗೆದುಕೊಳ್ಳುತ್ತಿದ್ದ ಥೈರಾಯ್ಡ್ ಮಾತ್ರೆಯನ್ನು ಕ್ಯಾಮೆರಾಗೇ ಹಿಡಿದೆ. ಥೈರಾಯ್ಡ್ ಏರುಪೇರಾದರೂ ಮನಸ್ಸು ಕುಗ್ಗುತ್ತದಂತೆ, ತಕ್ಷಣ ಹಳೇ ರಿಪೋರ್ಟ್ ಕೇಳಿದರು. ಅದು ಕೆಳಗೆ ಬೀರುವಿನಲ್ಲಿತ್ತು, ಓಡಿದೆ.

ನೀವು ಬಿಟ್ಟ ಒಂದು ವಿಷಯ: ಅಪಾಯಿಂಟ್‌ಮೆಂಟ್ ತನಕ ತಡೆಯೋಕೆ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಫೋನ್ 14416 ಇದೆ. 2022ರಲ್ಲಿ ಶುರುವಾದದ್ದು, ಪುಕ್ಕಟೆ, ರಾತ್ರಿ ಎರಡಕ್ಕೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯೋ ಯೋಚನೆ ಬರುತ್ತಿದ್ದರೆ ಮಾತ್ರ ವಿಡಿಯೋಗೆ ಕಾಯಬೇಡಿ, ಯಾರನ್ನಾದರೂ ಕರೆದುಕೊಂಡು ಸೀದಾ ಆಸ್ಪತ್ರೆಗೆ ಹೋಗಿ.